ಹಿತ್ತಲ ಗಿಡ ಮದ್ದಾಗಲಿ

‘ಹಿತ್ತಲ ಗಿಡ ಮದ್ದಲ್ಲ’ ಎಂಬ ಗಾದೆ ನಿಮಗೆಲ್ಲ ಗೊತ್ತು. ಹತ್ತಿರದಲ್ಲಿರುವುದರ ಬೆಲೆ ನಮಗೆ ತಿಳಿಯುವುದಿಲ್ಲ ಎಂಬುದು ಅದರ ತಾತ್ಪರ್ಯ. ಹತ್ತಿರದಲ್ಲಿರುವುದರ ಕೇಡೂ ಎಷ್ಟೋ ಸಲ ನಮಗೆ ತಿಳಿಯುವುದಿಲ್ಲ ಎಂದು ಈ ವಾರ ಅದಕ್ಕೆ ಸೇರಿಸಬೇಕಾಗಿದೆ.

ಕೆಲವು ತಿಂಗಳ ಹಿಂದೆ ನಿವೃತ್ತ ನೌಕರರೊಬ್ಬರು ನನ್ನ ಬಳಿ ಬಂದರು. ಹನ್ನೆರಡು ವರ್ಷಗಳಿಂದ ಸಕ್ಕರೆ ಕಾಯಿಲೆ. ಬಲಗಾಲಿನ ಎರಡು ಬೆರಳು ಕಪ್ಪಾಗಿದ್ದವು, ಪಾದ ಊದಿತ್ತು, ಕೀವು ಸೋರುತ್ತಿತ್ತು. ಕೇಳಿದರೆ, ‘ಮುಳ್ಳು ಚುಚ್ಚಿದ್ದು ಗೊತ್ತೇ ಆಗ್ಲಿಲ್ರಿ ಸಾಹೇಬ್ರ, ಚಪ್ಪಲಿಗೆ ರಸಿಗಿ ಅಂಟಿದ್ಮ್ಯಾಲೆ ನೋಡೀನಿ’ ಎಂದರು. ಎಲ್ಲಿಯ ಮುಳ್ಳು? ‘ಮನಿ ಹಿಂದಿನ ಬಳ್ಳಾರಿ ಜಾಲೀದು. ಅದೇನ್ ಮಾಡ್ತದಂತ ಬಿಟ್ಟಿದ್ವಿ.’ ಶಸ್ತ್ರಚಿಕಿತ್ಸಕರು ಎರಡು ಬೆರಳು ತೆಗೆದು ಪಾದ ಉಳಿಸಿದರು. ಹಿತ್ತಲಿನ ಜಾಲಿ ಮಾತ್ರ ಇದ್ದ ಹಾಗೆಯೇ ಇದೆ.

ಮನೆಯ ಸುತ್ತಲಿನ ಬಳ್ಳಾರಿ ಜಾಲಿಯನ್ನು ತೆಗೆಯುವುದು ತೋಟಗಾರಿಕೆಯ ಹವ್ಯಾಸದ ಮಾತಲ್ಲ, ಮನೆಮಂದಿಯ ಆರೋಗ್ಯದ ಮಾತು. ಕಡಿದರಷ್ಟೇ ಸಾಲದು. ಬೇರುಸಹಿತ ಕಿತ್ತು, ತೆರವಾದ ಜಾಗದಲ್ಲಿ ಮುಂದಿನ ಮಳೆಗಾಲಕ್ಕೆ ನಮ್ಮ ನೆಲದ ಮರ ನೆಟ್ಟಾಗಲೇ ಕೆಲಸ ಮುಗಿದಂತೆ. ಇದು ನನ್ನ ಖಚಿತ ಅಭಿಪ್ರಾಯ. ಕಾರಣಗಳನ್ನು ಮುಂದೆ ವಿವರಿಸಿದ್ದೇನೆ.

ಬಂದದ್ದು ಎಲ್ಲಿಂದ?

ಹೆಸರಿನಲ್ಲಿ ಬಳ್ಳಾರಿ ಇದ್ದರೂ ಇದು ಬಳ್ಳಾರಿಯದಲ್ಲ. ಸಸ್ಯಶಾಸ್ತ್ರಜ್ಞರು ಪ್ರೊಸೋಪಿಸ್ ಜೂಲಿಫ್ಲೋರ ಎಂದು ಕರೆಯುತ್ತ ಬಂದ ಈ ಮರದ ತವರು ಮೆಕ್ಸಿಕೊ, ಮಧ್ಯ ಅಮೆರಿಕ ಮತ್ತು ಕೆರಿಬಿಯನ್ ಸೀಮೆ. ಬ್ರಿಟಿಷರ ಕಾಲದಲ್ಲಿ, 1877ರ ಸುಮಾರಿಗೆ, ಜಮೈಕಾದಿಂದ ಬೀಜ ತರಿಸಿ ಇಂದಿನ ಆಂಧ್ರದ ಕಡಪ ಸೀಮೆಯಲ್ಲಿ ಬಿತ್ತಲಾಯಿತು. ಮಳೆ ಕಡಿಮೆ ಇರುವ ಕಡೆ ಸೌದೆಯಾಗಲಿ, ಬಂಜರು ಹಸಿರಾಗಲಿ ಎಂಬ ಸದುದ್ದೇಶ ಅದರ ಹಿಂದಿತ್ತು. 1961ರಲ್ಲಿ ಗುಜರಾತಿನ ಕಛ್ ಹುಲ್ಲುಗಾವಲಿನಲ್ಲಿ ಉಪ್ಪುನೆಲ ಹಬ್ಬದಂತೆ ತಡೆಯಲು ಇದನ್ನೇ ನೆಟ್ಟರು. ಇಂದು ಅಲ್ಲಿನ ಜನ ಇದನ್ನು ‘ಗಾಂಡೋ ಬಾವಳ್’, ಅಂದರೆ ಹುಚ್ಚು ಜಾಲಿ, ಎನ್ನುತ್ತಾರೆ.

ಹುಚ್ಚು ಎನ್ನಲು ಕಾರಣವಿದೆ. ಇದರ ಸಿಹಿ ಕಾಯಿಯನ್ನು ಕುರಿ, ಮೇಕೆ, ದನಗಳು ಇಷ್ಟಪಟ್ಟು ತಿನ್ನುತ್ತವೆ. ಗಟ್ಟಿ ಬೀಜ ಜೀರ್ಣವಾಗದೆ ಸೆಗಣಿ, ಹಿಕ್ಕೆಗಳೊಡನೆ ಹೊರಬಂದು, ಬಿದ್ದಲ್ಲೇ ಮೊಳೆಯುತ್ತದೆ. ಬೇರು ಬಲು ಆಳಕ್ಕೆ ಇಳಿಯುತ್ತದೆ. ಇದೇ ಬಳಗದ ಮರವೊಂದರ ಬೇರು ಅಮೆರಿಕದ ಅರಿಜೋನಾದ ಗಣಿಯೊಂದರಲ್ಲಿ 53 ಮೀಟರ್ ಆಳದಲ್ಲಿ ಸಿಕ್ಕಿದ ದಾಖಲೆಯಿದೆ. ಉದುರಿದ ಎಲೆಗಳಲ್ಲಿರುವ ಕೆಲವು ರಾಸಾಯನಿಕಗಳು ಸುತ್ತಲಿನ ಬೇರೆ ಬೀಜಗಳನ್ನು ಮೊಳೆಯಗೊಡುವುದಿಲ್ಲ. ಹೀಗಾಗಿ ಮೊದಲ ವರ್ಷ ಒಂದಿದ್ದುದು ಐದಾರು ವರ್ಷಗಳಲ್ಲಿ ಹಿತ್ತಲನ್ನೇ ನುಂಗುವ ಪೊದೆಯಾಗುತ್ತದೆ.

ಮುಳ್ಳನ್ನು ಹಗುರವಾಗಿ ಕಾಣಬೇಡಿ

ಇದರ ಮುಳ್ಳು ಐದು ಸೆಂಟಿಮೀಟರ್‌ವರೆಗೂ ಬೆಳೆಯಬಲ್ಲದು. ಹವಾಯಿ ಚಪ್ಪಲಿಯನ್ನು ಸಲೀಸಾಗಿ ತೂರಿ ಬರುತ್ತದೆ. ಚುಚ್ಚಿದ ಗಾಯದ ಬಾಯಿ ಚಿಕ್ಕದು, ಆಳ ಹೆಚ್ಚು. ಗಾಳಿಯಾಡದ ಇಂತಹ ಗಾಯವೇ ಧನುರ್ವಾಯುವಿನ ರೋಗಾಣುವಿಗೆ ಬೇಕಾದದ್ದು. ತುದಿ ಒಳಗೇ ಮುರಿದು ಉಳಿದರೆ ಕೀವು ತುಂಬುತ್ತದೆ. ಕೀಲಿನೊಳಗೆ ಸೇರಿದರೆ ತಿಂಗಳುಗಟ್ಟಲೆ ಊತ, ನೋವು. ಇಂತಹ ಮುಳ್ಳು ಎಕ್ಸ್-ರೇಯಲ್ಲಿ ಸಾಮಾನ್ಯವಾಗಿ ಕಾಣುವುದಿಲ್ಲ. ‘ಫೋಟೋದಾಗ ಏನೂ ಇಲ್ಲ ಅಂದ್ರು’ ಎಂದು ಸುಮ್ಮನಾಗಬಾರದು. ಅಲ್ಟ್ರಾಸೌಂಡ್ ಪರೀಕ್ಷೆಯಲ್ಲಿ ಅದು ಹೆಚ್ಚಾಗಿ ಪತ್ತೆಯಾಗುತ್ತದೆ.

ಮುಳ್ಳು ಚುಚ್ಚಿದರೆ ಮೊದಲು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ಚೆನ್ನಾಗಿ ತೊಳೆಯಿರಿ. ತುದಿ ಹೊರಗೆ ಕಾಣುತ್ತಿದ್ದರೆ ಸ್ವಚ್ಛವಾದ ಚಿಮಟದಿಂದ ನೇರವಾಗಿ ಎಳೆಯಿರಿ. ಸೇಫ್ಟಿಪಿನ್ನಿನಿಂದ ಕೆದಕುವುದು, ಬೆಲ್ಲ ಸುಣ್ಣ ಮೆತ್ತುವುದು, ಎಕ್ಕದ ಹಾಲು ಬಿಡುವುದು ಬೇಡ. ಧನುರ್ವಾಯು ಲಸಿಕೆ ಹಾಕಿಸಿಕೊಂಡು ಐದು ವರ್ಷ ದಾಟಿದ್ದರೆ, ಅಥವಾ ಎಂದು ಹಾಕಿಸಿದ್ದೆಂದು ನೆನಪೇ ಇಲ್ಲದಿದ್ದರೆ, ತಡಮಾಡದೆ ಹತ್ತಿರದ ಆರೋಗ್ಯ ಕೇಂದ್ರಕ್ಕೆ ಹೋಗಿ. ಸಕ್ಕರೆ ಕಾಯಿಲೆಯುಳ್ಳವರಿಗೆ ಪಾದದ ಸ್ಪರ್ಶಜ್ಞಾನ ಕುಂದಿರುವುದರಿಂದ ಚುಚ್ಚಿದ್ದೇ ತಿಳಿಯುವುದಿಲ್ಲ. ಅಂಥವರು ಪ್ರತಿ ರಾತ್ರಿ ಪಾದದ ಅಡಿಯನ್ನು ಕನ್ನಡಿಯಲ್ಲಿ ನೋಡಿಕೊಳ್ಳಬೇಕು, ಅಥವಾ ಮನೆಯವರಿಂದ ನೋಡಿಸಿಕೊಳ್ಳಬೇಕು.

ಕಾಲಿಗಿಂತ ದೊಡ್ಡ ಅಪಾಯ ಕಣ್ಣಿಗೆ. ಸೌದೆ ಕಡಿಯುವಾಗ ಟೊಂಗೆ ಸಿಡಿದು ಕರಿಗುಡ್ಡೆಗೆ ಗೀರು ಬಿದ್ದರೆ ಶಿಲೀಂಧ್ರದ ಸೋಂಕು ತಗಲಿ ಹುಣ್ಣಾಗಬಹುದು. ದಕ್ಷಿಣ ಭಾರತದ ಹಳ್ಳಿಗಳಲ್ಲಿ ದುಡಿಯುವ ವಯಸ್ಸಿನವರು ಒಂದು ಕಣ್ಣು ಕಳೆದುಕೊಳ್ಳಲು ಇಂತಹ ಹುಣ್ಣು ಒಂದು ಮುಖ್ಯ ಕಾರಣ. ಕಣ್ಣಿಗೆ ಗೀರು ಬಿದ್ದಾಗ ಎದೆಹಾಲು, ಸೊಪ್ಪಿನ ರಸ ಹಿಂಡುವುದಾಗಲೀ ಅಂಗಡಿಯಲ್ಲಿ ಕೇಳಿ ತಂದ ಸ್ಟೆರಾಯ್ಡ್ ಹನಿಗಳನ್ನು ಬಿಡುವುದಾಗಲೀ ಸಲ್ಲದು. ಸ್ಟೆರಾಯ್ಡ್ ಹನಿ ಶಿಲೀಂಧ್ರಕ್ಕೆ ಗೊಬ್ಬರ ಹಾಕಿದಂತೆ. ಅಂದೇ ನೇತ್ರ ವೈದ್ಯರನ್ನು ಕಾಣಿರಿ.

ಪರಾಗ, ಉಬ್ಬಸ, ಸೊಳ್ಳೆ

ಜಾಲಿ ಹೂ ಬಿಟ್ಟಾಗ ತಿಳಿಹಳದಿಯ ಸಣ್ಣ ತೆನೆಗಳು ತೂಗುವುದನ್ನು ನೀವು ನೋಡಿರಬಹುದು. ಇದರ ಪರಾಗ ಕೆಲವರಿಗೆ ಒಗ್ಗುವುದಿಲ್ಲ. ಬೆಳಿಗ್ಗೆ ಎದ್ದ ಕೂಡಲೇ ಸಾಲು ಸೀನು, ಮೂಗು ಕಣ್ಣುಗಳಲ್ಲಿ ನೀರು, ತುರಿಕೆ, ಕೆಲವರಿಗೆ ಉಬ್ಬಸ. ರಾಜಸ್ಥಾನದಂತಹ ಒಣ ಪ್ರದೇಶಗಳಲ್ಲೂ ಕೊಲ್ಲಿ ದೇಶಗಳಲ್ಲೂ ಇದು ಅಲರ್ಜಿಕಾರಕವೆಂದು ವೈದ್ಯರು ಗುರುತಿಸಿದ್ದಾರೆ. ವರ್ಷವಿಡೀ ಚೆನ್ನಾಗಿದ್ದ ಮಗು ಹೂವಿನ ಕಾಲದಲ್ಲಿ ಮಾತ್ರ ರಾತ್ರಿ ಕೆಮ್ಮುತ್ತಿದ್ದರೆ ಕಿಟಕಿಯಾಚೆ ಏನಿದೆ ಎಂದು ಒಮ್ಮೆ ನೋಡಿ. ಹಾಗೆಂದು ಮರ ತೆಗೆದ ಮಾತ್ರಕ್ಕೆ ಉಬ್ಬಸ ವಾಸಿಯಾಗುವುದಿಲ್ಲ. ಪರಾಗ ಊರಾಚೆಯಿಂದಲೂ ಗಾಳಿಯಲ್ಲಿ ಬರುತ್ತದೆ. ವೈದ್ಯರು ಕೊಟ್ಟ ಇನ್ಹೇಲರ್ ಅನ್ನು ನಿಲ್ಲಿಸಬೇಡಿ.

ಸೊಳ್ಳೆಯ ವಿಷಯ ಇನ್ನೂ ಸ್ವಾರಸ್ಯಕರ. ಸೊಳ್ಳೆ ರಕ್ತ ಕುಡಿದೇ ಬದುಕುತ್ತದೆಂದು ನಾವು ತಿಳಿದಿದ್ದೇವೆ. ನಿಜವಾಗಿ ಅದರ ನಿತ್ಯದ ಆಹಾರ ಸಸ್ಯಗಳ ಸಿಹಿರಸ. ಹೆಣ್ಣು ಸೊಳ್ಳೆಗೆ ಮೊಟ್ಟೆಗಾಗಿ ಮಾತ್ರ ರಕ್ತ ಬೇಕು. ಆಫ್ರಿಕಾದ ಮಾಲಿ ದೇಶದಲ್ಲಿ ವಿಜ್ಞಾನಿಗಳು ಕೆಲವು ಹಳ್ಳಿಗಳಲ್ಲಿ ಇದೇ ಜಾಲಿಯ ಹೂ ತುಂಬಿದ ಟೊಂಗೆಗಳನ್ನು ಕತ್ತರಿಸಿ ತೆಗೆಸಿದಾಗ ಅಲ್ಲಿ ಬಲೆಗೆ ಬಿದ್ದ ಮಲೇರಿಯಾ ಸೊಳ್ಳೆಗಳ ಸಂಖ್ಯೆ ಸುಮಾರು 70 ಪ್ರತಿಶತ ಇಳಿಯಿತು ಎಂಬ ವರದಿ 2017ರಲ್ಲಿ ಪ್ರಕಟವಾಯಿತು. ಮಲೇರಿಯಾ ಹರಡುವುದು ಹೆಚ್ಚು ದಿನ ಬದುಕಿದ ಮುದಿ ಹೆಣ್ಣು ಸೊಳ್ಳೆ. ಅವುಗಳ ಸಂಖ್ಯೆಯೂ ಕುಗ್ಗಿತ್ತು. ಮಾಲಿಯ ಲೆಕ್ಕ ನಮ್ಮಲ್ಲಿ ಹಾಗೆಯೇ ಹೊಂದಬೇಕೆಂದಿಲ್ಲ. ನಮ್ಮ ಮನೆಗಳಲ್ಲಿ ನೀರಿನ ತೊಟ್ಟಿ ಮುಚ್ಚಿಡುವುದೇ ಇಂದಿಗೂ ಮೊದಲ ಕೆಲಸ. ಆದರೂ ಮನೆಗೆ ತಾಗಿದ ಪೊದೆ ಸೊಳ್ಳೆಗೆ ಅನ್ನಛತ್ರವಾಗಬಲ್ಲದು ಎಂಬುದಂತೂ ತಿಳಿದಂತಾಯಿತು. ಇಲಿ ಹೆಗ್ಗಣಗಳಿಗೆ, ಅವನ್ನು ಅರಸಿ ಬರುವ ಹಾವುಗಳಿಗೆ ಅದೇ ಆಸರೆ.

ಇಲ್ಲದ ಅಪವಾದ ಬೇಡ

ಇಲ್ಲಿ ಒಂದು ಮಾತು ಹೇಳಲೇಬೇಕು. ‘ಜಾಲಿ ಆಮ್ಲಜನಕ ಬಿಡುವುದಿಲ್ಲ, ಅದರ ಕೆಳಗೆ ಮಲಗಿದರೆ ಉಸಿರು ಕಟ್ಟುತ್ತದೆ’ ಎಂಬ ಮಾತು ಮೊಬೈಲುಗಳಲ್ಲಿ ಹರಿದಾಡುತ್ತಿರುತ್ತದೆ. ಅದು ಸುಳ್ಳು. ಎಲ್ಲ ಹಸಿರು ಗಿಡಗಳಂತೆ ಜಾಲಿಯೂ ಹಗಲಿನಲ್ಲಿ ಆಮ್ಲಜನಕ ಬಿಡುತ್ತದೆ. ಇರುವ ದೋಷಗಳೇ ಸಾಕಷ್ಟಿರುವಾಗ ಇಲ್ಲದ್ದನ್ನು ಹೊರಿಸುವುದೇಕೆ?

ಹಾಗೆಯೇ ಹೊರಗಿನಿಂದ ಬಂದ ಮರಗಳೆಲ್ಲ ಶತ್ರುಗಳೂ ಅಲ್ಲ. ನಮ್ಮ ಸಾರಿನ ಹುಣಸೆಯ ಮೂಲ ಆಫ್ರಿಕಾ. ಸೀತಾಫಲ, ಪೇರಲ, ಪಪ್ಪಾಯಿ ಅಮೆರಿಕ ಖಂಡದವು. ಅವು ನಮ್ಮ ಹಿತ್ತಲಿಗೆ ಬಂದು ನೆಂಟರಂತೆ ಇದ್ದುಕೊಂಡವು. ಬಂದವರು ಯಾವ ಊರಿನವರು ಎನ್ನುವುದಕ್ಕಿಂತ, ಉಳಿದವರನ್ನು ಬಾಳಗೊಡುತ್ತಾರೆಯೇ ಎನ್ನುವುದು ಮುಖ್ಯ. ಬಳ್ಳಾರಿ ಜಾಲಿ ಸೋಲುವುದು ಈ ಪರೀಕ್ಷೆಯಲ್ಲಿ.

ಕಡಿಯುವ ಮುನ್ನ ಮರದ ಗುರುತು ಸರಿಯಾಗಿರಲಿ. ನಮ್ಮದೇ ಆದ ಕರಿಜಾಲಿಯ ಹೂ ದುಂಡನೆಯ ಹಳದಿ ಚೆಂಡಿನಂತೆ. ಅದರ ಕಾಯಿ ಮಣಿ ಪೋಣಿಸಿದ ಹಾಗೆ ನಡುನಡುವೆ ಕಿರಿದಾಗಿರುತ್ತದೆ. ದಸರೆಯಲ್ಲಿ ಪೂಜಿಸುವ ಬನ್ನಿಯ ಮುಳ್ಳು ಚಿಕ್ಕದು, ಟೊಂಗೆಯ ಉದ್ದಕ್ಕೂ ಚದುರಿರುತ್ತದೆ. ಬಳ್ಳಾರಿ ಜಾಲಿಯ ಉದ್ದ ಮುಳ್ಳುಗಳು ಗೆಣ್ಣಿನ ಬಳಿ, ಸಾಮಾನ್ಯವಾಗಿ ಜೋಡಿಯಾಗಿ, ಇರುತ್ತವೆ. ಹೂ ಉದ್ದನೆಯ ತೆನೆ.

ನಾನು ಮಾಡಿದ ತಪ್ಪು

ಉಪದೇಶ ಮಾಡುವವನು ತನ್ನ ತಪ್ಪನ್ನೂ ಹೇಳಬೇಕು. ಕೆಲವು ವರ್ಷಗಳ ಹಿಂದೆ ನಮ್ಮ ಹಳೆಯ ಮನೆಯ ಹಿತ್ತಲಿನ ಜಾಲಿಯನ್ನು ಇಬ್ಬರು ಆಳುಗಳಿಂದ ಮೊಣಕಾಲೆತ್ತರಕ್ಕೆ ಕಡಿಸಿ, ಕೆಲಸ ಮುಗಿಯಿತೆಂದು ಕೈತೊಳೆದುಕೊಂಡೆ. ಹಸಿ ಟೊಂಗೆಗಳನ್ನು ಅಲ್ಲೇ ರಾಶಿ ಹಾಕಿ ಬೆಂಕಿ ಇಟ್ಟೆವು. ಅಂದು ರಾತ್ರಿ ಪಕ್ಕದ ಮನೆಯ ಅಜ್ಜಿಗೆ ಉಬ್ಬಸ ಏರಿ ನನ್ನ ಬಳಿಯೇ ಕರೆತಂದರು. ನೆಬ್ಯುಲೈಸರ್ ಇಟ್ಟು ಉಸಿರು ಸರಿಹೋದ ಮೇಲೆ ಆಕೆ, ‘ಡಾಕ್ಟ್ರ ಮನಿ ಹೊಗಿಗೇ ಡಾಕ್ಟ್ರ ಹಂತೇಲಿ ಬರಬೇಕಾತು ನೋಡಪಾ’ ಎಂದರು. ಉತ್ತರ ಹೇಳಲು ನನ್ನಲ್ಲಿ ಮಾತಿರಲಿಲ್ಲ. ಮುಂದಿನ ಮಳೆಗೆ ಕಡಿದ ಒಂದೊಂದು ಬುಡದಿಂದಲೂ ಹತ್ತಾರು ಚಿಗುರೆದ್ದು, ಹಿತ್ತಲು ಮೊದಲಿಗಿಂತ ದಟ್ಟವಾಯಿತು.

ತಪ್ಪಿನಿಂದ ಕಲಿತದ್ದನ್ನು ಇಲ್ಲಿ ಕೊಡುತ್ತಿದ್ದೇನೆ.

ಚಿಗುರುವ ಕಣ್ಣುಗಳು ಇರುವುದು ಬುಡದಲ್ಲಿ, ನೆಲದ ಮಟ್ಟಕ್ಕೆ ಸ್ವಲ್ಪ ಕೆಳಗಿನವರೆಗೆ. ಆದ್ದರಿಂದ ಸುತ್ತ ಅಗೆದು ನೆಲದಿಂದ ಒಂದಡಿ ಕೆಳಗೆ ಬೇರನ್ನು ಕತ್ತರಿಸಿ ಬುಡವನ್ನು ಪೂರ್ತಿ ಹೊರತೆಗೆಯಬೇಕು. ಅದಕ್ಕಿಂತ ಆಳದ ಬೇರಿನ ಗೊಡವೆ ಬೇಡ. ಮಳೆ ಬಿದ್ದು ಮಣ್ಣು ಮೆತ್ತಗಿರುವಾಗ, ಕಾಯಿ ಬಲಿಯುವ ಮುನ್ನ, ಈ ಕೆಲಸ ಸುಲಭ. ದೊಡ್ಡ ಬುಡಗಳಿಗೆ ಜೆಸಿಬಿ ಬೇಕಾಗಬಹುದು. ಅಕ್ಕಪಕ್ಕದ ನಾಲ್ಕು ಮನೆಯವರು ಸೇರಿ ಒಂದೇ ದಿನ ತರಿಸಿದರೆ ಖರ್ಚು ಹಂಚಿಹೋಗುತ್ತದೆ.

ಸೀಮೆಎಣ್ಣೆ, ಆ್ಯಸಿಡ್, ಹಳೆಯ ಇಂಜಿನ್ ಆಯಿಲ್ ಸುರಿಯುವವರಿದ್ದಾರೆ. ಬೇಡ. ಮಣ್ಣು ಕೆಡುತ್ತದೆ, ಹತ್ತಿರದ ಬಾವಿ, ಕೊಳವೆಬಾವಿಯ ನೀರಿಗೂ ಅಪಾಯ.

ಕೆಲಸ ಮಾಡುವವರಿಗೆ ದಪ್ಪ ಅಟ್ಟೆಯ ಬೂಟು, ಚರ್ಮದ ಕೈಗವಸು, ತುಂಬು ತೋಳಿನ ಅಂಗಿ, ಕಣ್ಣಿಗೆ ಕನ್ನಡಕ ಇರಲಿ. ಕೂಲಿಯವರೆಂದರೆ ಅವರ ಕಣ್ಣು ಅಗ್ಗವಲ್ಲ. ಅವರ ಕೂಲಿಯ ಜೊತೆಗೆ ಇದನ್ನೂ ಒದಗಿಸುವುದು ಮನೆಯ ಯಜಮಾನರ ಹೊಣೆ. ಮಕ್ಕಳನ್ನು ಹತ್ತಿರ ಬಿಡಬೇಡಿ. ಕೆಲಸ ಮುಗಿದ ಮೇಲೆ ಉದುರಿದ ಮುಳ್ಳನ್ನು ಗುಡಿಸಿ ತೆಗೆಯುವವರೆಗೆ ಅಂಗಳದಲ್ಲಿ ಬರಿಗಾಲಲ್ಲಿ ಓಡಾಡಬೇಡಿ.

ಹಸಿ ಟೊಂಗೆಯನ್ನು ಮನೆಯ ಬಳಿ ಸುಡಬೇಡಿ. ಕಾಂಡವನ್ನು ತುಂಡು ಮಾಡಿ ಒಣಗಿಸಿದರೆ ಒಳ್ಳೆಯ ಸೌದೆ. ಕೊಳ್ಳುವವರೂ ಸಿಗುತ್ತಾರೆ. ಕಾಯಿಗಳನ್ನು ತಿಪ್ಪೆಗೆ ಹಾಕಿದರೆ ಗೊಬ್ಬರದೊಡನೆ ಬೀಜ ಹೊಲಕ್ಕೆ ಹೋಗುತ್ತದೆ. ಮಣ್ಣಿನಲ್ಲಿ ಉಳಿದ ಬೀಜ ಹಲವು ವರ್ಷ ಜೀವಂತವಾಗಿರುವುದರಿಂದ, ಪ್ರತಿ ಮಳೆಯ ನಂತರ ಗೇಣುದ್ದ ಸಸಿಗಳನ್ನು ಕೈಯಿಂದಲೇ ಕೀಳಬೇಕು. ನನ್ನ ಅನುಭವದಲ್ಲಿ ಮೊದಲ ಮೂರು ವರ್ಷ ಈ ಕಾವಲು ತಪ್ಪಬಾರದು. ಊರು, ನಗರಗಳಲ್ಲಿ ದೊಡ್ಡ ಮರ ಕಡಿಯುವ ಮುನ್ನ ಸ್ಥಳೀಯ ಸಂಸ್ಥೆಯನ್ನೋ ಅರಣ್ಯ ಇಲಾಖೆಯನ್ನೋ ವಿಚಾರಿಸುವುದು ಒಳಿತು.

ಖಾಲಿ ಬಿಟ್ಟರೆ ಮತ್ತೆ ಜಾಲಿ

ತೆರವಾದ ಜಾಗವನ್ನು ಬರಿದು ಬಿಟ್ಟರೆ ಒಂದೇ ಮಳೆಗೆ ಜಾಲಿ ಮರಳಿ ಬರುತ್ತದೆ, ಇಲ್ಲವೇ ಉಬ್ಬಸಕ್ಕೂ ಚರ್ಮದ ತುರಿಕೆಗೂ ಹೆಸರಾದ ಕಾಂಗ್ರೆಸ್ ಹುಲ್ಲು ಬರುತ್ತದೆ. ನೆರಳೂ ಹೋಗುತ್ತದೆ. ನಮ್ಮ ಬಯಲುಸೀಮೆಯ ಏಪ್ರಿಲ್, ಮೇ ಬಿಸಿಲಿನಲ್ಲಿ ಮನೆಯ ಪಶ್ಚಿಮಕ್ಕೆ ನೆರಳಿಲ್ಲದಿದ್ದರೆ ವೃದ್ಧರೂ ಹಸುಗೂಸುಗಳೂ ಎಷ್ಟು ಬಳಲುತ್ತಾರೆಂಬುದನ್ನು ಹೇಳಬೇಕಾಗಿಲ್ಲ. ಆದ್ದರಿಂದ ನೆಡುವ ಯೋಜನೆ ಮಾಡಿಕೊಂಡೇ ಕೊಡಲಿ ಎತ್ತಬೇಕು.

ಬೇಸಿಗೆಯಲ್ಲೇ ಎರಡಡಿ ಉದ್ದ, ಅಗಲ, ಆಳದ ಗುಂಡಿ ತೋಡಿ ಬಿಸಿಲಿಗೆ ಬಿಡಿ. ಮೇಲ್ಮಣ್ಣಿನೊಂದಿಗೆ ಚೆನ್ನಾಗಿ ಕೊಳೆತ ಗೊಬ್ಬರ ಬೆರೆಸಿ ತುಂಬಿ, ಹದವಾದ ಮಳೆ ಬಿದ್ದ ಮೇಲೆ ಸಸಿ ನೆಡಿ. ಅರಣ್ಯ ಇಲಾಖೆಯ ಸಸ್ಯಕ್ಷೇತ್ರಗಳಲ್ಲಿ ಕಡಿಮೆ ಬೆಲೆಗೆ ಸಸಿಗಳು ಸಿಗುತ್ತವೆ. ಮೊದಲ ಎರಡು ಬೇಸಿಗೆ ನೀರು ಕೊಡಬೇಕು. ಬುಡದ ಬಳಿ ತಳಕ್ಕೆ ಸಣ್ಣ ತೂತಿರುವ ಮಡಕೆ ಹೂತು ವಾರಕ್ಕೆರಡು ಸಲ ತುಂಬಿಸಿದರೆ ಸಾಕಾಗುತ್ತದೆ. ಮಡಕೆಯ ಬಾಯಿ ಮಾತ್ರ ಮುಚ್ಚಿರಬೇಕು. ಇಲ್ಲದಿದ್ದರೆ ಮರ ಬೆಳೆಸಲು ಹೋಗಿ ಡೆಂಗೆ ಸೊಳ್ಳೆ ಬೆಳೆಸಿದಂತಾದೀತು.

ಏನು ನೆಡಬೇಕು? ನೆರಳಿಗೆ ಬೇವು, ಹೊಂಗೆ. ಜಾಗ ದೊಡ್ಡದಿದ್ದರೆ ಬಯಲುಸೀಮೆಯ ಬರಕ್ಕೆ ಜಗ್ಗದ ಕಮರ, ಚೆಲುವಿಗೆ ಕಕ್ಕೆ. ಹಣ್ಣಿಗೆ ನೇರಳೆ, ಬೆಳವಲ, ನೆಲ್ಲಿ. ಬಚ್ಚಲ ನೀರು ಹರಿಯುವ ಕಡೆ ಕರಿಬೇವು, ನುಗ್ಗೆ. ಮುಳ್ಳಿನ ಬೇಲಿಯೇ ಬೇಕೆಂದಿದ್ದರೆ ಕವಳಿ ಹಾಕಿ, ಮಕ್ಕಳಿಗೆ ಹಣ್ಣೂ ಸಿಗುತ್ತದೆ. ಮುಳ್ಳಿಲ್ಲದ ಬೇಲಿಗೆ ಲಕ್ಕಿ. ಬನ್ನಿ ಮರ ನಮ್ಮ ನೆಲದ್ದೇ, ಪೂಜ್ಯವಾದದ್ದೇ. ಆದರೆ ಅದು ಬಳ್ಳಾರಿ ಜಾಲಿಯ ಬಂಧು. ಜಾಲಿಯ ಪರಾಗ ಒಗ್ಗದವರಿಗೆ ಬನ್ನಿಯ ಪರಾಗವೂ ತೊಂದರೆ ಕೊಡಬಹುದು. ಉಬ್ಬಸದವರಿರುವ ಮನೆಯಲ್ಲಿ ಅದನ್ನು ಮಲಗುವ ಕೋಣೆಯ ಕಿಟಕಿಯಿಂದ ದೂರ ನೆಡಿ. ಜಾಗ ಚಿಕ್ಕದಿದ್ದರೆ ಒಂದೇ ಮರ ಸಾಕು. ಹತ್ತು ನೆಟ್ಟು ಒಣಗಿಸುವುದಕ್ಕಿಂತ ಒಂದನ್ನು ನೆಟ್ಟು ಉಳಿಸುವುದು ಮೇಲು.

ಹಿತ್ತಲಿನಲ್ಲಿ ಔಷಧದ ಮರ ಬಂದ ಕೂಡಲೇ ಮನೆಯಲ್ಲೊಬ್ಬರು ವೈದ್ಯರಾಗುವುದೂ ಉಂಟು. ನೇರಳೆ ಹಣ್ಣನ್ನು ಮಿತವಾಗಿ ತಿನ್ನಿ, ಅದರ ಬೀಜದ ಪುಡಿಯನ್ನು ನಂಬಿ ಸಕ್ಕರೆ ಕಾಯಿಲೆಯ ಮಾತ್ರೆ ನಿಲ್ಲಿಸಬೇಡಿ. ಬೇವಿನ ನೆರಳು ಹಿತ, ಆದರೆ ಹಸುಗೂಸುಗಳಿಗೆ ಬೇವಿನೆಣ್ಣೆ ಕುಡಿಸುವುದು ಪ್ರಾಣಾಪಾಯಕಾರಿ.

ಸೌದೆಯ ಪ್ರಶ್ನೆ

‘ಜಾಲಿ ಹೋದರೆ ಬಡವರ ಒಲೆ ಉರಿಯುವುದು ಹೇಗೆ?’ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಬರದ ವರ್ಷಗಳಲ್ಲಿ ಎಷ್ಟೋ ಕುಟುಂಬಗಳು ಇದರ ಸೌದೆ, ಇದ್ದಿಲು ಮಾರಿ ಗಂಜಿ ಕುಡಿದಿವೆ. ಅದನ್ನು ಮರೆತು ಊರೆಲ್ಲದರ ಜಾಲಿಯನ್ನು ಒಂದೇ ಸಲ ಕಿತ್ತೊಗೆಯಿರಿ ಎಂದು ನಾನು ಹೇಳುತ್ತಿಲ್ಲ. ಹಳ್ಳದ ದಂಡೆಯ, ಗೋಮಾಳದ ಜಾಲಿಯ ವಿಚಾರ ಪಂಚಾಯಿತಿಗಳು ಕೂತು ನಿರ್ಧರಿಸಬೇಕಾದದ್ದು. ನಾನು ಹೇಳುತ್ತಿರುವುದು ಮನೆಯ ಗೋಡೆಗೆ ತಾಗಿದ, ಮಕ್ಕಳು ಆಡುವ, ಹೆಂಗಸರು ಕತ್ತಲಲ್ಲಿ ಓಡಾಡುವ ಜಾಗದ ಮಾತು. ಒಲೆಯ ಮಾತು ಬಂದದ್ದರಿಂದ ಇದನ್ನೂ ಹೇಳುತ್ತೇನೆ: ಅಡುಗೆಗೆ ಗ್ಯಾಸ್ ಬಂದ ಮನೆಗಳಲ್ಲೂ ಬಚ್ಚಲ ಒಲೆ ಸೌದೆಯದೇ ಇರುತ್ತದೆ. ಅದರ ಹೊಗೆ ಹೊರಹೋಗಲು ದಾರಿ ಇರಲಿ. ವರ್ಷಗಟ್ಟಲೆ ಹೊಗೆ ಕುಡಿದ ಹೆಣ್ಣುಮಕ್ಕಳ ಶ್ವಾಸಕೋಶ ಬೀಡಿ ಸೇದುವವರ ಶ್ವಾಸಕೋಶದಂತೆಯೇ ಹಾಳಾಗುತ್ತದೆ.

ನಮ್ಮ ಹಿತ್ತಲಿನಲ್ಲಿ ಎರಡನೆಯ ಸಲ ಬುಡಸಹಿತ ಜಾಲಿ ತೆಗೆಸಿ, ಒಂದು ಬೇವು, ಒಂದು ಹೊಂಗೆ, ಒಂದು ನೇರಳೆ ನೆಟ್ಟೆ. ಹೊಂಗೆ ಈಗ ಮಾಡಿನೆತ್ತರ ದಾಟಿದೆ. ಬೇವು ನಿಂತಿದೆ. ನೇರಳೆಯನ್ನು ಮೊದಲ ವರ್ಷ ಮೇಕೆ ತಿಂದಿತು, ಮತ್ತೊಂದು ನೆಟ್ಟಿದ್ದೇನೆ. ಪಕ್ಕದ ಮನೆಯ ಅಜ್ಜಿ ಸಂಜೆ ಹೊಂಗೆಯ ಕೆಳಗೆ ಚಾಪೆ ಹಾಸಿಕೊಂಡು ಕೂರುತ್ತಾರೆ. ಅವರ ಉಬ್ಬಸ ಹೋಗಿಲ್ಲ, ಇನ್ಹೇಲರ್ ಸೆರಗಿನ ಗಂಟಿನಲ್ಲೇ ಇರುತ್ತದೆ. ಆದರೆ ಅಂದಿನಂತೆ ಹೊಗೆ ಕುಡಿಸಿ ಅವರನ್ನು ಆಸ್ಪತ್ರೆಗೆ ಕರೆಸಿಕೊಳ್ಳುವ ಪರಿಸ್ಥಿತಿ ಮತ್ತೆ ಬಂದಿಲ್ಲ.

ಈ ಭಾನುವಾರ ಬೆಳಿಗ್ಗೆ ಕಾಫಿ, ಚಹಾ ಆದ ಮೇಲೆ ಗಟ್ಟಿ ಚಪ್ಪಲಿ ಮೆಟ್ಟಿಕೊಂಡು ನಿಮ್ಮ ಮನೆಯ ಸುತ್ತ ಒಂದು ಸುತ್ತು ಹಾಕಿ ಬನ್ನಿ. ಮನೆಯಲ್ಲಿ ಸಕ್ಕರೆ ಕಾಯಿಲೆಯವರಿದ್ದರೆ ಅವರು ಓಡಾಡುವ ದಾರಿಯನ್ನು ಮೊದಲು ನೋಡಿ. ಅಲ್ಲಿ ಜಾಲಿ ಕಂಡರೆ ಬುಡ ಕೀಳಿಸುವ ದಿನ ಗೊತ್ತು ಮಾಡಿ, ನೆಡಬೇಕಾದ ಸಸಿಯ ಹೆಸರನ್ನೂ ಅಂದೇ ಬರೆದಿಡಿ. ನಾಳೆ ನಿಮ್ಮ ಮೊಮ್ಮಕ್ಕಳ ಪಾಲಿಗಾದರೂ ಹಿತ್ತಲ ಗಿಡ ಮದ್ದಾಗಲಿ.